ಏರಿದರೆ ಅಧಿಸೂಚನೆ, ಇಳಿದರೆ ಪತ್ರ

ಸರ್ಕಾರದ ಕೆಲಸ ಆಮೆಗತಿಯದು ಎಂದು ದೂರುವವರು 2023ರ ಆಗಸ್ಟ್ 19ನ್ನು ನೆನಪಿಸಿಕೊಳ್ಳಬೇಕು. ಅಂದು ಶನಿವಾರ. ದೆಹಲಿಯ ಕಚೇರಿಗಳಿಗೆ ರಜೆ. ಆದರೂ ಹಣಕಾಸು ಸಚಿವಾಲಯ ಎದ್ದು ಕುಳಿತು ಈರುಳ್ಳಿ ರಫ್ತಿನ ಮೇಲೆ ಶೇ. 40ರಷ್ಟು ಸುಂಕ ಹೇರಿತು. ಈರುಳ್ಳಿ ಗಗನಕ್ಕೇನೂ ಏರಿರಲಿಲ್ಲ, ಹಬ್ಬದ ಹೊತ್ತಿಗೆ ಏರೀತು ಎಂಬ ಗುಮಾನಿ ಇತ್ತು, ಅಷ್ಟೇ. ಗುಮಾನಿಗೇ ಶೇ. 40! ಅದೂ ಸಾಲದೆಂದು ಡಿಸೆಂಬರ್ 7ರಂದು ರಫ್ತನ್ನೇ ನಿಷೇಧಿಸಿದರು. ಬೆಳಗಾಗುವಷ್ಟರಲ್ಲಿ ಆದೇಶ ಜಾರಿಯಲ್ಲಿತ್ತು. ಮಾರ್ಚ್ 31ರವರೆಗೆ ಮಾತ್ರ ಎಂದಿದ್ದ ನಿಷೇಧ ಆ ತಾರೀಖನ್ನು ದಾಟಿ ನಡೆದು, 2024ರ ಮೇ 4ರಂದು ತೆರವಾಯಿತು. ಅದೂ ಶನಿವಾರವೇ. ಈರುಳ್ಳಿ ಸೀಮೆಯಾದ ನಾಸಿಕದಲ್ಲಿ ಮತದಾನಕ್ಕೆ ಆಗ ಹದಿನಾರು ದಿನ ಬಾಕಿಯಿತ್ತು. ಎರಡಕ್ಕೂ ಸಂಬಂಧವಿಲ್ಲ ಎಂದು ನಂಬುವಷ್ಟು ಒಳ್ಳೆಯವರು ನಮ್ಮಲ್ಲಿ ಇನ್ನೂ ಇದ್ದಾರೆ.

ಟೊಮೆಟೊ ವಿಷಯದಲ್ಲೂ ಇದೇ ಚುರುಕು. 2023ರ ಜುಲೈಯಲ್ಲಿ ಕಿಲೋಗೆ ನೂರು ದಾಟಿದಾಗ ಕೇಂದ್ರದ ಸಹಕಾರ ಸಂಸ್ಥೆಗಳು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಹಣ್ಣು ಕೊಂಡು ದೆಹಲಿಯ ಬೀದಿಗಳಲ್ಲಿ ವ್ಯಾನು ನಿಲ್ಲಿಸಿ ಮಾರಿದವು. ಮೊದಲು 90 ರೂಪಾಯಿ, ಎರಡು ದಿನಕ್ಕೆ 80, ಆ ವಾರವೇ 70, ಸ್ವಾತಂತ್ರ್ಯ ದಿನಕ್ಕೆ 50. ನೇಪಾಳದಿಂದಲೂ ತರಿಸುವ ಮಾತು ಸಂಸತ್ತಿನಲ್ಲೇ ಕೇಳಿಬಂತು. ಅಡುಗೆಮನೆಯ ಕಣ್ಣೀರಿಗೆ ಮಿಡಿದ ಹೃದಯವನ್ನು ಹಂಗಿಸುವುದು ತಪ್ಪು. ನನ್ನ ತಕರಾರು ಇರುವುದು ವ್ಯಾನಿನ ಬಗ್ಗೆ. ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋದ ಬಾಕ್ಸಿಗೆ ಕೀಳುವ ಕೂಲಿಯೂ ಹುಟ್ಟದೆ ಬೆಳೆಗಾರ ಹಣ್ಣನ್ನು ರಸ್ತೆಗೆ ಸುರಿಯುವ ದಿನಗಳು ವರ್ಷ ಬಿಟ್ಟು ವರ್ಷ ಬರುತ್ತವೆ. ಆಗ ಆ ವ್ಯಾನು ಎಲ್ಲಿರುತ್ತದೆ? ಅದಕ್ಕೆ ಮುಂದಿನ ಗೇರು ಮಾತ್ರ ಇದೆಯೇ?

ಬೆಲೆ ಇಳಿದಾಗ ಬರುವುದು ಪತ್ರ. 2025ರ ನವೆಂಬರ್ ನೋಡಿ. ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ. 0.25ಕ್ಕೆ ಇಳಿದಿದೆ ಎಂಬ ಅಂಕಿ ಹೊರಬಿತ್ತು. ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಕುಸಿದಿತ್ತು, ಬೇಳೆಕಾಳು ಶೇ. 16ರಷ್ಟು. ಅರ್ಥಶಾಸ್ತ್ರಜ್ಞರ ಮುಖದಲ್ಲಿ ದೀಪಾವಳಿಯ ಕಳೆ ಇನ್ನೂ ಆರಿರಲಿಲ್ಲ. ಅದೇ ತಿಂಗಳು ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಮೆಕ್ಕೆಜೋಳದ ರೈತರು ಧರಣಿ ಕುಳಿತಿದ್ದರು. ಬೆಂಬಲ ಬೆಲೆ ಕ್ವಿಂಟಲಿಗೆ 2,400. ಪೇಟೆಯಲ್ಲಿ ಸಿಗುತ್ತಿದ್ದುದು 1,600ರಿಂದ 1,800. ದೆಹಲಿಯಲ್ಲಿ ಸಾಧನೆ ಎನ್ನಿಸಿಕೊಂಡದ್ದೂ ಲಕ್ಷ್ಮೇಶ್ವರದಲ್ಲಿ ಸಂಕಟ ಎನ್ನಿಸಿಕೊಂಡದ್ದೂ ಒಂದೇ ಬೆಲೆ ಕುಸಿತ.

ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಕೇಂದ್ರದ ಸಚಿವರು ರಾಜ್ಯದತ್ತ ಬೆರಳು ತೋರಿದರು. ರಾಜ್ಯದವರು ಆ ಬೆರಳನ್ನು ಹಿಡಿದು ಮತ್ತೆ ಕೇಂದ್ರದ ಕಡೆ ತಿರುಗಿಸಿದರು. ಈ ಕಸರತ್ತು ನಡೆಯುವಷ್ಟು ದಿನ ಮೆಕ್ಕೆಜೋಳ ಕಣದಲ್ಲಿ ಕಾಯಬೇಕು. ಸಾಲ ಕೊಟ್ಟವನೂ ಕಾಯಬೇಕು. ಮೆಕ್ಕೆಜೋಳ ಕಾಯುತ್ತದೆ.

ತೊಗರಿಯ ಕಥೆ ಇನ್ನೂ ಸೊಗಸು. ತೊಗರಿ ಬೆಳೆಯಿರಿ, ದೇಶ ಬೇಳೆಯಲ್ಲಿ ಸ್ವಾವಲಂಬಿ ಆಗಲಿ ಎಂದು ಒಂದು ಸಚಿವಾಲಯ ಕಲಬುರಗಿಯ ರೈತನ ಬೆನ್ನು ತಟ್ಟುತ್ತದೆ. 2021ರಿಂದ ಇನ್ನೊಂದು ಸಚಿವಾಲಯ ತೊಗರಿ ಆಮದಿಗೆ ಮಿತಿಯೇ ಬೇಡ ಎಂದು ಬಾಗಿಲು ತೆರೆದಿಟ್ಟು, ಆ ವಿನಾಯಿತಿಯನ್ನು ವರ್ಷವರ್ಷವೂ ಮುಂದಕ್ಕೆ ಹಾಕುತ್ತ ಬಂದಿದೆ. ಮ್ಯಾನ್ಮಾರ್‌ನಿಂದ, ಮೊಜಾಂಬಿಕ್‌ನಿಂದ ಇಂತಿಷ್ಟು ತರುತ್ತೇವೆ ಎಂದು ಆ ದೇಶಗಳ ಜೊತೆ ಒಪ್ಪಂದವೂ ಆಗಿದೆ. 2025ರ ಆರಂಭದಲ್ಲಿ ಕಲಬುರಗಿಯ ರಾಶಿ ಪೇಟೆಗೆ ಬಂದಾಗ ದರ ಬೆಂಬಲ ಬೆಲೆಯಾದ 7,550ಕ್ಕಿಂತ ಕೆಳಗೆ ಜಾರಿತು. ರಾಜ್ಯ ಸರ್ಕಾರ ತನ್ನ ಜೇಬಿನಿಂದ 450 ಸೇರಿಸಿ 8,000 ಮಾಡಿತು. ಮಗುವನ್ನು ಚಿವುಟುವವರೊಬ್ಬರು, ತೊಟ್ಟಿಲು ತೂಗುವವರೊಬ್ಬರು, ಮಗು ಯಾಕೆ ಅಳುತ್ತಿದೆ ಎಂದು ಅಧ್ಯಯನ ನಡೆಸಲು ಮತ್ತೊಂದು ಸಮಿತಿ.

ಆ 8,000 ಕೈಗೆ ಬರುವ ದಾರಿಯನ್ನೂ ಒಮ್ಮೆ ನಡೆದು ನೋಡಬೇಕು. ಮೊದಲು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಹೆಸರಿರಬೇಕು. ಹೆಸರಿದ್ದರೂ ಪಹಣಿಯಲ್ಲಿ ತೊಗರಿ ಎಂದೇ ಬರೆದಿರಬೇಕು. ಬೆಳೆ ಸಮೀಕ್ಷೆಗೆ ಬಂದ ಹುಡುಗ ಬಿಸಿಲಿಗೆ ಹೆದರಿ ರಸ್ತೆಯಲ್ಲೇ ನಿಂತು ಮೊಬೈಲಿನಲ್ಲಿ ಹೆಸರುಕಾಳು ಎಂದು ಒತ್ತಿದ್ದರೆ, ಹೊಲದಲ್ಲಿ ಎದೆಯೆತ್ತರ ನಿಂತ ತೊಗರಿ ಸರ್ಕಾರದ ಮಟ್ಟಿಗೆ ಹೆಸರುಕಾಳೇ. ಅದನ್ನು ತಿದ್ದಿಸಲು ಗ್ರಾಮ ಆಡಳಿತಾಧಿಕಾರಿ, ಅವರು ಸಿಗದಿದ್ದರೆ ತಹಶೀಲ್ದಾರ್ ಕಚೇರಿ. ತಿದ್ದಿಸಿಕೊಂಡು ಸೊಸೈಟಿಯ ಮುಂದೆ ಸಾಲು ನಿಂತರೆ ಹೆಬ್ಬೆಟ್ಟು. ನಲವತ್ತು ವರ್ಷ ಕುಡುಗೋಲು ಹಿಡಿದ ಕೈಯ ಗೆರೆ ಸವೆದುಹೋಗಿರುತ್ತದೆ. ಯಂತ್ರ ಅವನನ್ನು ಗುರುತಿಸುವುದಿಲ್ಲ. ‘ಯಜಮಾನರೇ, ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿ ಇಡಿ’ ಎನ್ನುತ್ತಾನೆ ಗುಮಾಸ್ತ. ಒರೆಸಿ ಇಟ್ಟರೆ ಸರ್ವರ್ ಇಲ್ಲ.

ಅದೂ ಆಯಿತೆನ್ನಿ. ಕಾಳಿನ ತೇವಾಂಶ ಶೇ. 12 ಮೀರಿದರೆ ಒಣಗಿಸಿಕೊಂಡು ಬರಬೇಕು. ಜರಡಿ ಹಿಡಿಸಬೇಕು, ಹಮಾಲರಿಗೆ ಕೊಡಬೇಕು, ಖಾಲಿ ಚೀಲ ಬರುವವರೆಗೆ ಟ್ರ್ಯಾಕ್ಟರ್ ಬಾಡಿಗೆ ತೆರಬೇಕು. ಹಣ ಖಾತೆಗೆ ಬರುವುದು ವಾರಗಳ ನಂತರ. ಅಷ್ಟು ತಾಳ್ಮೆ ಇಲ್ಲದವನು ಅಡತಿ ಅಂಗಡಿಗೆ ಹೋಗುತ್ತಾನೆ. ಅಲ್ಲಿ ಹೆಬ್ಬೆಟ್ಟು ಬೇಡ, ಪಹಣಿ ಬೇಡ. ದಲಾಲರು ಅವನನ್ನು ಮುಖ ನೋಡಿಯೇ ಗುರುತಿಸುತ್ತಾರೆ. ಆ ಗುರುತಿಗೆ ಕ್ವಿಂಟಲಿಗೆ ಸಾವಿರ ಕಡಿಮೆಯಾದರೂ ಸೈ. ಬೆಂಬಲ ಬೆಲೆಗೆ ಮಾರಲು ಸಾಧ್ಯವಾದದ್ದು ದೇಶದ ಶೇ. 6ರಷ್ಟು ರೈತರಿಗೆ ಮಾತ್ರ ಎಂದು ಕೇಂದ್ರವೇ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲಿ ಹೇಳಿದಾಗ ಹಲವರು ಅಚ್ಚರಿಪಟ್ಟರು. ನನಗೆ ಅಚ್ಚರಿಯಾದದ್ದು ಆ ಆರು ಜನ ಹೇಗೆ ಪಾರಾದರು ಎಂದು.

ಸಬ್ಸಿಡಿಯನ್ನು ಮರೆತರೆ ಕೃತಘ್ನತೆಯಾದೀತು. 45 ಕಿಲೋ ಯೂರಿಯಾ ಚೀಲದ ದರ ಈ ದುಬಾರಿ ಕಾಲದಲ್ಲೂ 266 ರೂಪಾಯಿ 50 ಪೈಸೆ. ದರ ಕದಲಿಲ್ಲ ನಿಜ, ಬೇಕಾದ ದಿನ ಚೀಲವೂ ಗೋದಾಮಿನಿಂದ ಕದಲುವುದಿಲ್ಲ. ಸಿಕ್ಕರೆ ಜೊತೆಗೆ ಬೇಡದ ನ್ಯಾನೊ ದ್ರವಗೊಬ್ಬರದ ಬಾಟಲಿಯನ್ನೂ ಕಟ್ಟಿ ಕೊಡುತ್ತಾರೆ. ಹೀಗೆ ಕಟ್ಟಿ ಮಾರುವುದನ್ನು ನಿಲ್ಲಿಸಿ ಎಂದು ಕೇಂದ್ರ ಕೃಷಿ ಸಚಿವರು 2025ರ ಜುಲೈಯಲ್ಲಿ ಎಲ್ಲ ಮುಖ್ಯಮಂತ್ರಿಗಳಿಗೂ ಬರೆದರು. ಏನು ಬರೆದರು ಎಂದಿರಾ? ಪತ್ರ.

ಕಿಸಾನ್ ಸಮ್ಮಾನ್ ಇದೆ. 2019ರಲ್ಲಿ ವರ್ಷಕ್ಕೆ 6,000 ರೂಪಾಯಿ ಎಂದು ಶುರುವಾಯಿತು. ವರ್ಷಗಳು ಉರುಳಿದರೂ ಅದೇ 6,000. ದಿನಕ್ಕೆ 17 ರೂಪಾಯಿಯೂ ಆಗದ ಈ ಸನ್ಮಾನಕ್ಕೆ ಹಣದುಬ್ಬರ ಎಂಬುದೊಂದು ಇದೆ ಎಂದು ಯಾರೂ ಹೇಳಿದಂತಿಲ್ಲ. ಹೇಳಬೇಕಾದವರ ತುಟ್ಟಿಭತ್ಯೆ ಮಾತ್ರ ವರ್ಷಕ್ಕೆರಡು ಬಾರಿ, ಕೇಳದೆಯೇ, ಸೂಚ್ಯಂಕ ನೋಡಿಕೊಂಡು ಏರುತ್ತದೆ.

ಆದ್ದರಿಂದ ನನ್ನದೊಂದು ನಮ್ರ ಸಲಹೆ. ಒಂದೇ ಒಂದು ವರ್ಷ ತುಟ್ಟಿಭತ್ಯೆಯನ್ನು ಬೆಂಬಲ ಬೆಲೆಯ ನಿಯಮದಲ್ಲೇ ವಿತರಿಸಲಿ. ಜೂನ್‌ನಲ್ಲಿ ಅದ್ಧೂರಿಯಾಗಿ ಘೋಷಿಸಿ, ಜನವರಿಯಲ್ಲಿ ಕೌಂಟರ್ ತೆರೆಯಲಿ. ನೋಂದಣಿ ಮೊದಲು ಬಂದವರಿಗೆ, ಮಿತಿ ಮುಗಿಯುವವರೆಗೆ. ಕಾರ್ಯದರ್ಶಿ ಸಾಹೇಬರು ಟೋಕನ್ ಹಿಡಿದು ನಸುಕಿನಲ್ಲೇ ಸಾಲಿಗೆ ಬರಲಿ. ಸೇವಾ ಪುಸ್ತಕದಲ್ಲಿ ಹುದ್ದೆ ಕಾರ್ಯದರ್ಶಿ ಎಂದಿರದೆ ಹೆಸರುಕಾಳು ಎಂದಿದ್ದರೆ ತಿದ್ದಿಸಿಕೊಂಡು ಬರಲಿ. ಕಡತಗಳನ್ನು ಜರಡಿ ಹಿಡಿದು, ತೇವಾಂಶ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ, ಕಿಟಕಿಯಾಚೆಯಿಂದ ಗುಮಾಸ್ತ ಹೇಳಲಿ: ‘ಸಾರ್, ಎಲ್ಲ ಸರಿ ಇದೆ. ಖಾಲಿ ಚೀಲ ಇನ್ನೂ ಬಂದಿಲ್ಲ. ಮುಂದಿನ ವಾರ ಬನ್ನಿ. ತುಂಬ ಅರ್ಜೆಂಟಿದ್ದರೆ ಎದುರಿಗೇ ಅಡತಿ ಅಂಗಡಿ ಇದೆ, ಅರ್ಧಕ್ಕೆ ತೆಗೆದುಕೊಳ್ಳುತ್ತಾರೆ.’