ದಪ್ಪ ತಂತಿ ಬೇಡ
ಮನೆಯಲ್ಲೇ ಒಂದು ಕಿಲೋವ್ಯಾಟ್‌ನ ಫೆರೈಟ್ (ಪಿಂಗಾಣಿಯಂಥ ಕಾಂತೀಯ ವಸ್ತು) ಕೋರ್ ಇರುವ ಟ್ರಾನ್ಸ್‌ಫಾರ್ಮರ್ ಮಾಡುವ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯಿತು. ಆದರೆ ‘ಕರೆಂಟ್ ಜಾಸ್ತಿ ಇದ್ದರೆ ದಪ್ಪ ತಂತಿ ಸುತ್ತಿ’ ಎಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಚಿಕ್ಕಮಗಳೂರಿನಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ನಮಗೆ ಆ ಮಾತು ಸರಿ, ಯಾಕಂದ್ರೆ ಅಲ್ಲಿರೋದು 50 ಹರ್ಟ್ಸ್. ಫೆರೈಟ್ ಟ್ರಾನ್ಸ್‌ಫಾರ್ಮರ್ ಓಡುವ 50 ಕಿಲೋಹರ್ಟ್ಸ್‌ಗೆ ಹೋದರೆ ಕರೆಂಟ್ ಬಹುಪಾಲು ತಾಮ್ರದ ಹೊರಮೈಯ ಸುಮಾರು 0.3 ಮಿ.ಮೀ.ನಲ್ಲೇ ಹರಿಯುತ್ತದೆ. 2 ಮಿ.ಮೀ. ತಂತಿಯ ನಡುಭಾಗ ಸುಮ್ನೆ ಜಾಗ ತಿನ್ನುತ್ತದೆ, ಪದರದ ಮೇಲೆ ಪದರ ಬಿದ್ದರೆ ಬಿಸಿ ಇನ್ನೂ ಜಾಸ್ತಿ. ತೆಳ್ಳನೆಯ ಎನಾಮಲ್ ಎಳೆಗಳನ್ನು ಹಗ್ಗದಂತೆ ಹೊಸೆದು ಸುತ್ತಿ. ತುದಿಯಲ್ಲಿ ಪ್ರತಿ ಎಳೆಯ ಎನಾಮಲ್ಲೂ ಪೂರ್ತಿ ಹೋಗಿ ಬೆಸುಗೆ ಹಿಡಿದಿದೆಯಾ ನೋಡಿ, ಅರ್ಧ ಎಳೆ ಹಿಡಿಯದಿದ್ದರೆ ಏನು ಪ್ರಯೋಜನ?

ಸುತ್ತಿನ ಲೆಕ್ಕವನ್ನೂ ಕೊಡಬೇಕಿತ್ತು ಅಲ್ವಾ? ಇಟಿಡಿ 49 ಎಂಬ ಅಳತೆಯ ಕೋರ್‌ನ ಅಡ್ಡಕೊಯ್ತದ ವಿಸ್ತೀರ್ಣ 211 ಚದರ ಮಿ.ಮೀ. ಫುಲ್ ಬ್ರಿಡ್ಜ್‌ಗೆ (ನಾಲ್ಕು ಸ್ವಿಚ್‌ಗಳ ಸರ್ಕ್ಯೂಟ್) 325 ವೋಲ್ಟ್ ಡಿಸಿ (ಮನೆಯ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಬರುವುದು), 50 ಕಿಲೋಹರ್ಟ್ಸ್, ಕೋರ್‌ನಲ್ಲಿ 0.15 ಟೆಸ್ಲಾ ಕಾಂತಕ್ಷೇತ್ರ ಹಿಡಿದರೆ ಪ್ರೈಮರಿಗೆ (ಕರೆಂಟ್ ಒಳಬರುವ ಸುರುಳಿ) ಸುಮಾರು 52 ಸುತ್ತು ಬರುತ್ತದೆ. ಫೆರೈಟ್ 0.4 ಟೆಸ್ಲಾ ಹತ್ತಿರದವರೆಗೆ ತಡೆಯುತ್ತದೆ ಅಂತ ಸುತ್ತು ಕಡಿಮೆ ಮಾಡಬೇಡಿ. ಬಿಸಿಯಾದಂತೆ ಆ ಮಿತಿ ಇಳಿಯುತ್ತದೆ, ಸುತ್ತು ಕಡಿಮೆಯಾದರೆ ಕೋರ್ ನಷ್ಟವೂ ಏರುತ್ತದೆ.

ನಮ್ಮ ಮೂಡಿಗೆರೆ, ಕೊಪ್ಪದ ಕಡೆಯವರು ಮಳೆಗಾಲದಲ್ಲಿ ಸುತ್ತಿದರೆ ಮೊದಲು ಚೆನ್ನಾಗಿ ಒಣಗಿಸಿ, ಆಮೇಲೆ ವಾರ್ನಿಷ್ ಹಾಕಿ. ಪ್ರೈಮರಿ, ಸೆಕೆಂಡರಿ (ಕರೆಂಟ್ ಹೊರಹೋಗುವ ಸುರುಳಿ) ನಡುವೆ ಪಾಲಿಯೆಸ್ಟರ್ ಟೇಪ್ ಮೂರು ಸುತ್ತಾದರೂ ಇರಲಿ. ಇನ್ನೊಂದು ಮುಖ್ಯ ಮಾತು: ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಆ 325 ವೋಲ್ಟ್ ಉಳಿದಿರಬಹುದು. ಆ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಹಾಕಿ, ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ. ದಯವಿಟ್ಟು ಇದನ್ನು ಲೇಖನದಲ್ಲೂ ಸೇರಿಸಿ, ಓದುವ ಹುಡುಗರು ಅವತ್ತೇ ಮಾಡಲು ಕೂರುತ್ತಾರೆ.