ಮೆಟ್ರೊ ಕೇಳುವ ಮೊದಲು ಚಿಗರಿಯ ದಾರಿ ಉಳಿಸಿಕೊಳ್ಳೋಣ

2025ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಮೆಟ್ರೊ ಹಳದಿ ಮಾರ್ಗ ಉದ್ಘಾಟನೆ ಆಯಿತು. ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ಅಂದಿನಿಂದ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ನಾಲ್ಕು ಜನ ಸೇರಿದಲ್ಲೆಲ್ಲ ಅದೇ ಮಾತು: ನಮಗೆ ಮೆಟ್ರೊ ಯಾವಾಗ? ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. ಮೊದಲು ಆ ಬಿಆರ್‌ಟಿಎಸ್ (ರೋಡಿನ ನಡುವೆ ಚಿಗರಿ ಬಸ್ಸಿಗೆ ಮೀಸಲಾದ ದಾರಿ) ತೆಗೆದುಹಾಕಿ, ನಡುವಿನ ರೋಡ್ ಎಲ್ಲರಿಗೂ ಬಿಟ್ಟುಬಿಡಿ ಅಂತ.

ಮೊದಲನೆಯ ಆಸೆ ನನಗೆ ಅರ್ಥವಾಗುತ್ತದೆ. ಎರಡನೆಯದನ್ನು ಮಾತ್ರ ನಾನು ಒಪ್ಪುವುದಿಲ್ಲ. ಚಿಗರಿ ಓಡುವ ಆ ಪ್ರತ್ಯೇಕ ದಾರಿ ನಮ್ಮ ಅವಳಿನಗರಕ್ಕೆ ಇಲ್ಲಿಯವರೆಗೆ ಸಿಕ್ಕಿರುವ ದೊಡ್ಡ ಆಸ್ತಿ. ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ಸಿಗುವುದಿಲ್ಲ.

1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡನ್ನೂ ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಕಾಗದದಲ್ಲಿ ಒಂದೇ ಊರಾಯಿತು, ನಡುವೆ 20 ಕಿಲೋಮೀಟರ್ ಪಿ.ಬಿ. (ಪುಣೆ-ಬೆಂಗಳೂರು) ರೋಡ್. ವ್ಯಾಪಾರ, ರೈಲ್ವೆ, ಕಾರ್ಖಾನೆ ಹುಬ್ಬಳ್ಳಿಗೆ. ಯುನಿವರ್ಸಿಟಿ, ಜಿಲ್ಲಾ ಕಚೇರಿ, ಕಾಲೇಜುಗಳು ಧಾರವಾಡಕ್ಕೆ. ಹೀಗಾಗಿ ಇಲ್ಲಿ ಮನೆ ಒಂದು ಊರಲ್ಲಿ, ಕೆಲಸ ಇನ್ನೊಂದು ಊರಲ್ಲಿ ಅನ್ನುವವರು ಬಹಳ. ನಾನೂ ಅವರಲ್ಲಿ ಒಬ್ಬ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ಬೇರೆ ದೊಡ್ಡ ಊರುಗಳಲ್ಲಿ ಬೆಳಿಗ್ಗೆ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಸಂಜೆ ಎಲ್ಲರೂ ತಿರುಗಿ ಬರುತ್ತಾರೆ. ಅರ್ಧ ಬಸ್ಸುಗಳು ಖಾಲಿ ಓಡಬೇಕಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹುಬ್ಬಳ್ಳಿ ಕಡೆಗೂ ನಿಲ್ಲಲು ಜಾಗ ಇರುವುದಿಲ್ಲ, ಧಾರವಾಡ ಕಡೆಗೂ ಇರುವುದಿಲ್ಲ. ಸಾರ್ವಜನಿಕ ಸಾರಿಗೆಗೆ ಇಷ್ಟು ಹೊಂದುವ ಊರು ಸಿಗುವುದೇ ಕಷ್ಟ.

ಚಿಗರಿ ಬರುವ ಮೊದಲು ಹೇಗಿತ್ತು ಅನ್ನುವುದು ಈಗಿನ ಕಾಲೇಜು ಹುಡುಗರಿಗೆ ಗೊತ್ತಿಲ್ಲ. ಸರ್ಕಾರಿ ಕೆಂಪು ಬಸ್ಸು, ಟೆಂಪೊ, ಮತ್ತೆ ನಮ್ಮ ಬೇಂದ್ರೆ ಬಸ್. ವರಕವಿಯ ಹೆಸರು ಹೊತ್ತುಕೊಂಡು ಎರಡು ಊರಿನ ನಡುವೆ ಓಡುತ್ತಿದ್ದ ಖಾಸಗಿ ಬಸ್ಸುಗಳು. ಕೈ ಮಾಡಿದಲ್ಲಿ ನಿಲ್ಲಿಸುತ್ತಿದ್ದರು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು "ಧಾರ್ವಾಡ್ರೀ ಧಾರ್ವಾಡ್, ಬರ್ರಿ ಬರ್ರಿ, ಒಳಗ ಸರೀರಿ" ಅಂತ ಕೂಗುತ್ತಿದ್ದ. ಆ ಬಸ್ಸುಗಳ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಆದರೆ ಪ್ರೀತಿ ಇದೆ ಅಂತ ಸತ್ಯ ಮುಚ್ಚಿಡಲು ಆಗುವುದಿಲ್ಲ. ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಲಾರಿ, ಎತ್ತಿನಗಾಡಿ, ಬೈಕು, ಬಸ್ಸು ಎಲ್ಲ ಒಂದೇ ರೋಡಿನಲ್ಲಿ. ಪರೀಕ್ಷೆ ಇದ್ದ ದಿನ ಹುಡುಗರು ಒಂದು ತಾಸು ಮೊದಲೇ ಮನೆ ಬಿಡುತ್ತಿದ್ದರು. ಚಿಗರಿ ಬಂದ ಮೇಲೂ ಬೇಂದ್ರೆ ಬಸ್ಸುಗಳು ಕೆಲಕಾಲ ಓಡಿದವು, ಪರ್ಮಿಟ್ಟಿನ ಜಗಳ ಕೋರ್ಟಿಗೂ ಹೋಯಿತು. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಬಿಆರ್‌ಟಿಎಸ್‌ಗಾಗಿ ಪ್ರತ್ಯೇಕ ಕಂಪನಿ ಆಗಿದ್ದು 2012ರಲ್ಲಿ. ಕೇಂದ್ರ ಸರ್ಕಾರದ ಸುಸ್ಥಿರ ನಗರ ಸಾರಿಗೆ ಯೋಜನೆ, ವಿಶ್ವಬ್ಯಾಂಕಿನ ನೆರವು, ರಾಜ್ಯ ಸರ್ಕಾರದ ದುಡ್ಡು ಎಲ್ಲ ಸೇರಿದವು. ಆಮೇಲಿನ ವರ್ಷಗಳು ಸುಲಭ ಇರಲಿಲ್ಲ. ರೋಡ್ ಅಗಲ ಮಾಡಲು ಮನೆ, ಅಂಗಡಿ ಹೋದವು. ಪಿ.ಬಿ. ರೋಡಿನ ಎರಡೂ ಬದಿ ನೆರಳು ಕೊಡುತ್ತಿದ್ದ ದೊಡ್ಡ ಮರಗಳು ಹೋದವು. ಆ ಮರಗಳ ನಷ್ಟ ನನಗೆ ಇವತ್ತಿಗೂ ಚುಚ್ಚುತ್ತದೆ. ಉಣಕಲ್ಲಿನಿಂದ ನವಲೂರಿನವರೆಗೆ ವರ್ಷಗಟ್ಟಲೆ ಧೂಳು ತಿಂದಿದ್ದೇವೆ. ಜಾಗ ಕಳೆದುಕೊಂಡವರು ಕಣ್ಣೀರು ಹಾಕಿದ್ದನ್ನು ನೋಡಿದ್ದೇವೆ. ಇಷ್ಟೆಲ್ಲ ಕೊಟ್ಟು ಪಡೆದ ದಾರಿಯನ್ನು ಈಗ ಸುಮ್ನೆ ಬಿಟ್ಟುಬಿಡಿ ಅನ್ನುವುದು ಅವರಿಗೂ ಮಾಡುವ ಅನ್ಯಾಯ.

2018ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಬಸ್ಸುಗಳು ಪ್ರಾಯೋಗಿಕವಾಗಿ ಓಡಲು ಶುರುವಾದವು. ವೋಲ್ವೊ ಬಸ್ಸು, ಎಸಿ, ಹೆಸರು ಚಿಗರಿ. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟನೆ ಮಾಡಿದರು. ಎರಡು ತಿಂಗಳು ತುಂಬುವ ಮೊದಲೇ ಲಾಕ್‌ಡೌನ್ ಬಂತು. ಜನರಿಗೆ ಬಸ್ಸಿನ ರೂಢಿ ಆಗುವ ಹೊತ್ತಿಗೇ ಎಲ್ಲ ನಿಂತುಹೋಯಿತು. ಯೋಜನೆ ಫೇಲ್ ಅಂತ ತೀರ್ಪು ಕೊಡುವವರು ಈ ಸಂಗತಿಯನ್ನು ನೆನಪಿಡುವುದೇ ಇಲ್ಲ.

ಈಗ ದಾರಿಯ ವಿಷಯ. ಒಟ್ಟು ಸುಮಾರು 22 ಕಿಲೋಮೀಟರ್. ಹುಬ್ಬಳ್ಳಿ ರೈಲ್ವೆ ನಿಲ್ದಾಣದ ಕಡೆಯಿಂದ ಹೊರಟು ಹೊಸೂರು, ಕಿಮ್ಸ್ ಆಸ್ಪತ್ರೆ, ವಿದ್ಯಾನಗರ, ಬಿವಿಬಿ ಕಾಲೇಜು. ಆಮೇಲೆ ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು. ಅಲ್ಲಿಂದ ಪೇರಲ ಹಣ್ಣಿಗೆ ಹೆಸರಾದ ನವಲೂರು. ಮುಂದೆ ಗಾಂಧಿನಗರ, ಟೋಲ್‌ನಾಕಾ, ಕೋರ್ಟ್ ಸರ್ಕಲ್, ಜುಬ್ಲಿ ಸರ್ಕಲ್. ಸರಿಯಾಗಿ ನೋಡಿ, ಎರಡು ದೊಡ್ಡ ಆಸ್ಪತ್ರೆ, ಹತ್ತಾರು ಕಾಲೇಜು, ಎಪಿಎಂಸಿ, ಕೋರ್ಟು ಎಲ್ಲ ಈ ಒಂದೇ ಗೆರೆಯ ಮೇಲೆ ಅಥವಾ ಅದರ ಪಕ್ಕದಲ್ಲೇ ಇವೆ. ಮೆಟ್ರೊ ಮಾಡಿದರೂ ಇದೇ ಗೆರೆಯ ಮೇಲೆ ಮಾಡಬೇಕು, ಬೇರೆ ದಾರಿ ಇಲ್ಲ.

ಮೆಟ್ರೊದಲ್ಲಿ ನಮಗೆ ಇಷ್ಟವಾಗುವುದು ಏನು? ಟ್ರಾಫಿಕ್ ಅಡ್ಡ ಬರುವುದಿಲ್ಲ. ಟಿಕೆಟ್ ಮೊದಲೇ ತಗೊಂಡು ಒಳಗೆ ಹೋಗುತ್ತೇವೆ. ಹತ್ತಲು ಮೆಟ್ಟಿಲು ಇಲ್ಲ. ಒಂದು ಹೋದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಇದೆಲ್ಲ ಚಿಗರಿಯಲ್ಲೂ ಇದೆ, ಅಲ್ವಾ? ವಿದ್ಯಾನಗರ ನಿಲ್ದಾಣದಲ್ಲಿ ಒಮ್ಮೆ ಹತ್ತು ನಿಮಿಷ ನಿಂತು ನೋಡಿ. ಕೌಂಟರಿನಲ್ಲಿ ಟಿಕೆಟ್ ಕೊಡುತ್ತಾರೆ, ಅದನ್ನು ಗೇಟಿಗೆ ಹಿಡಿದರೆ ತಿರುಗುತ್ತದೆ. ಪ್ಲಾಟ್‌ಫಾರ್ಮ್ ಎತ್ತರ, ಬಸ್ಸಿನ ನೆಲ ಅದಕ್ಕೆ ಸಮ. ಡ್ರೈವರ್ ಬಸ್ಸನ್ನು ಒಂದೇ ಸಮನೆ ತಂದು ಅಂಚಿಗೆ ತಾಗುವ ಹಾಗೆ ನಿಲ್ಲಿಸುತ್ತಾನೆ, ಬಲಗಡೆಯ ಬಾಗಿಲು ತೆರೆಯುತ್ತದೆ. ಕಿಮ್ಸ್‌ಗೆ ಹೋಗುವ ಮಂಡಿನೋವಿನ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಿ ಕೂಡುತ್ತಾಳೆ. ಕೆಂಪು ಬಸ್ಸಿನ ಮೂರು ಎತ್ತರದ ಮೆಟ್ಟಿಲು ಹತ್ತಲು ಆಕೆಗೆ ಎಷ್ಟು ಕಷ್ಟ ಅಂತ ನೋಡಿದವರಿಗೆ ಇದರ ಬೆಲೆ ಗೊತ್ತು. ನಿಲ್ದಾಣದಲ್ಲಿ ನಿಂತ ಬಸ್ಸನ್ನು ದಾಟಿಕೊಂಡು ಎಕ್ಸ್‌ಪ್ರೆಸ್ ಬಸ್ಸು ಮುಂದೆ ಹೋಗಲು ಜಾಗ ಬಿಟ್ಟಿದ್ದಾರೆ. ಎರಡೇ ಹಳಿ ಇರುವ ಮೆಟ್ರೊದಲ್ಲಿ ಈ ಅನುಕೂಲ ಇಲ್ಲ.

ರೋಡ್ ಖಾಲಿ ಇದೆ, ನಾವು ಮಾತ್ರ ಪಕ್ಕದಲ್ಲಿ ಒದ್ದಾಡಬೇಕು ಅನ್ನುವುದು ಕಾರಿನವರ ಸಿಟ್ಟು. ಸಿಟ್ಟು ಸಹಜ. ಆದರೆ ಬಸ್ಸಿನ ದಾರಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅದು ಖಾಲಿ ಕಾಣಲೇಬೇಕು. ರೈಲ್ವೆ ಹಳಿಯೂ ದಿನದ ಬಹುಪಾಲು ಖಾಲಿಯೇ ಇರುತ್ತದೆ. ಅದರ ಮೇಲೆ ಕಾರು ಬಿಡಿ ಅಂತ ಯಾರೂ ಕೇಳುವುದಿಲ್ಲ. ತುಂಬಿದ ಒಂದು ಚಿಗರಿಯಲ್ಲಿ ಇರುವಷ್ಟು ಜನ ಒಬ್ಬೊಬ್ಬರೇ ಕಾರು ತಂದರೆ ಉಣಕಲ್ ಕ್ರಾಸಿನಿಂದ ಕೆರೆಯವರೆಗೆ ಸಾಲು ಆಗುತ್ತದೆ. ದಾರಿ ಬಿಟ್ಟುಕೊಟ್ಟರೆ ಮೊದಲ ಕೆಲವು ತಿಂಗಳು ಆರಾಮ ಅನಿಸಬಹುದು. ಆಮೇಲೆ ಅದೂ ತುಂಬುತ್ತದೆ. ಆಗ ಕಾರಿನವರೂ ಸಿಕ್ಕಿಹಾಕಿಕೊಳ್ಳುತ್ತಾರೆ, ಬಸ್ಸಿನವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ಸೈರನ್ ಹಾಕಿಕೊಂಡು ಆಂಬುಲೆನ್ಸ್ ಕೂಡ.

ಬೇರೆ ಊರುಗಳಲ್ಲಿ ಏನಾಯಿತು ನೋಡಿ. ದೆಹಲಿಯಲ್ಲಿ ಇಂಥದೇ ಬಸ್ಸಿನ ದಾರಿ 2008ರಲ್ಲಿ ಶುರು ಮಾಡಿ 2016ರಲ್ಲಿ ಕಿತ್ತುಹಾಕಿದರು. ಅದು ಆರು ಕಿಲೋಮೀಟರ್ ಕೂಡ ಇರಲಿಲ್ಲ. ಭೋಪಾಲದಲ್ಲಿ 2024ರಲ್ಲಿ ತೆಗೆದರು. ಇಂದೋರ್ ಕೂಡ ಅದೇ ದಾರಿ ಹಿಡಿಯಿತು. ಇದನ್ನು ತೋರಿಸಿ ನಮ್ಮವರೂ ತೆಗೆಯಿರಿ ಅನ್ನುತ್ತಾರೆ. ಆದರೆ ಅಹಮದಾಬಾದ್ 2009ರಲ್ಲಿ ಶುರು ಮಾಡಿತು, ಇವತ್ತಿಗೂ ಓಡಿಸುತ್ತಿದೆ. ಆಮೇಲೆ ಅಲ್ಲಿ ಮೆಟ್ರೊ ಬಂತು, ಬಸ್ಸಿನ ದಾರಿಯೂ ಉಳಿಯಿತು. ನಾವು ಯಾರನ್ನು ನೋಡಿ ಕಲಿಯಬೇಕು ಅನ್ನುವುದು ನಮ್ಮ ಕೈಯಲ್ಲಿದೆ.

ದುಡ್ಡಿನ ಲೆಕ್ಕವೂ ಇದೆ. ನಮ್ಮ 22 ಕಿಲೋಮೀಟರಿಗೆ ಆದ ಖರ್ಚು ಸಾವಿರ ಕೋಟಿಯ ಆಸುಪಾಸು. ಬೆಂಗಳೂರಿನ 19 ಕಿಲೋಮೀಟರ್ ಹಳದಿ ಮಾರ್ಗಕ್ಕೆ ಏಳು ಸಾವಿರ ಕೋಟಿಗೂ ಜಾಸ್ತಿ. ಕಾಲ ಬೇರೆ, ಕಟ್ಟಿದ ರೀತಿ ಬೇರೆ, ನಿಜ. ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. 2011ರ ಜನಗಣತಿಯ ಪ್ರಕಾರ ನಮ್ಮ ಅವಳಿನಗರದ ಜನಸಂಖ್ಯೆ 9.43 ಲಕ್ಷ. ಕೇಂದ್ರದ 2017ರ ಮೆಟ್ರೊ ನೀತಿಯೇ, ಮೆಟ್ರೊ ಕೇಳುವ ಮೊದಲು ಬಸ್ಸು, ಲೈಟ್ ರೈಲು (ಮೆಟ್ರೊಗಿಂತ ಸಣ್ಣ ರೈಲು) ಮುಂತಾದ ಅಗ್ಗದ ದಾರಿಗಳನ್ನು ತೂಗಿ ನೋಡಿ ಅನ್ನುತ್ತದೆ. ಈಗ ನಮ್ಮಲ್ಲೂ ಲೈಟ್ ರೈಲಿನ ಮಾತು ಕೇಳುತ್ತಿದೆ. ಬರಲಿ, ಬೇಡ ಅನ್ನುವುದಿಲ್ಲ. ಅದು ಓಡಬೇಕಾಗಿರುವುದೂ ಚಿಗರಿ ಓಡುವ ಇದೇ ಜಾಗದಲ್ಲಿ. ಇವತ್ತು ಜಾಗ ಬಿಟ್ಟುಕೊಟ್ಟು ನಾಳೆ ಅದಕ್ಕೆ ಎಲ್ಲಿ ಹುಡುಕುತ್ತೀರಿ?

ಹಾಗಂತ ಚಿಗರಿಯಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಜೋರು ಮಳೆ ಬಂದರೆ ಟೋಲ್‌ನಾಕಾ ಕೆರೆಯಾಗುತ್ತದೆ. ಇಷ್ಟು ವರ್ಷವಾದರೂ ನೀರು ಹರಿದು ಹೋಗಲು ಸರಿಯಾದ ದಾರಿ ಆಗಿಲ್ಲ. ಹುಬ್ಬಳ್ಳಿ ಪೇಟೆಯೊಳಗೆ, ಹಾಗೇ ಧಾರವಾಡದ ಜುಬ್ಲಿ ಸರ್ಕಲ್ ಕಡೆ, ಚಿಗರಿ ಉಳಿದ ವಾಹನಗಳ ನಡುವೆಯೇ ನುಗ್ಗಬೇಕು. ನಡುವೆ ಉಳಿಸಿದ ಸಮಯ ಎರಡು ತುದಿಯಲ್ಲಿ ಹೋಗಿಬಿಡುತ್ತದೆ. ಚೆನ್ನಮ್ಮ ಸರ್ಕಲ್ ಫ್ಲೈಓವರ್ ಕೆಲಸ ಶುರುವಾದ ಮೇಲಂತೂ ಹುಬ್ಬಳ್ಳಿ ತುದಿಯ ಪಾಡು ಕೇಳಬೇಡಿ. ಬಸ್ಸುಗಳಿಗೂ ವಯಸ್ಸಾಗಿದೆ. 2018ರಿಂದ ಬೆಳಗಿನಿಂದ ರಾತ್ರಿಯವರೆಗೆ ಓಡಿದ ಗಾಡಿ ಸುಸ್ತಾಗುವುದು ಸಹಜ, ಹೊಸದು ತರಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗುವುದು ರೋಡ್ ದಾಟುವಾಗ. ನಿಲ್ದಾಣ ರೋಡಿನ ಮಧ್ಯದಲ್ಲಿದೆ. ಅಂದರೆ ಪ್ರತಿಯೊಬ್ಬರೂ ಬಸ್ಸು ಹತ್ತಲು ಅರ್ಧ ರೋಡ್ ದಾಟಬೇಕು. ಕೆಂಪು ದೀಪ ಬಿದ್ದರೂ ಬೈಕಿನವರು ನಿಲ್ಲುವುದಿಲ್ಲ. ಶಾಲೆಯ ಬ್ಯಾಗ್ ಹಾಕಿಕೊಂಡ ಮಕ್ಕಳು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಇಡುತ್ತಾ ನಿಂತಿರುತ್ತಾರೆ. ಈ ದಾಟುವ ಜಾಗಗಳಲ್ಲಿ ಉಬ್ಬು ಹಾಕಿ, ಬೆಳಕು ಹಾಕಿ, ನಿಲ್ಲದವರಿಗೆ ದಂಡ ಹಾಕಿ. ಇದಕ್ಕೆ ನೂರಾರು ಕೋಟಿ ಬೇಕಾಗುವುದಿಲ್ಲ.

ಇನ್ನೊಂದು ವಿಷಯ ಟಿಕೆಟ್ಟಿನದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ ಆಯಿತು. ಒಳ್ಳೆಯ ಯೋಜನೆ. ಆದರೆ ಎಸಿ ಬಸ್ಸಿಗೆ ಅದು ಇಲ್ಲ, ಹಾಗಾಗಿ ಚಿಗರಿ ಅದರ ಹೊರಗೇ ಉಳಿಯಿತು. ಮನೆಗೆಲಸಕ್ಕೆ ಹೋಗುವವರು, ಅಂಗಡಿಯಲ್ಲಿ ದುಡಿಯುವ ಹುಡುಗಿಯರು, ತರಕಾರಿ ಮಾರುವವರು ಪಕ್ಕದ ರೋಡಿನ ಸಾಮಾನ್ಯ ಬಸ್ಸಿಗೆ ಹೋಗುತ್ತಾರೆ. ಹಣ ಉಳಿಯುತ್ತದೆ, ಹೊತ್ತು ಹೋಗುತ್ತದೆ. ಅವಳಿನಗರದ ವೇಗದ ದಾರಿ ಇರುವುದು ಟಿಕೆಟ್ ಕೊಡಬಲ್ಲವರಿಗೆ ಮಾತ್ರ ಅಂದರೆ ಅದು ಸರಿಯಲ್ಲ. ಎಸಿ ಇಲ್ಲದ, ಅದೇ ಎತ್ತರದ ನೆಲ ಇರುವ, ಬಲಗಡೆ ಬಾಗಿಲಿನ ಸಾದಾ ಬಸ್ಸುಗಳನ್ನು ಇದೇ ದಾರಿಯಲ್ಲಿ ಬಿಡಿ. ಅವುಗಳಿಗೆ ಶಕ್ತಿ ಯೋಜನೆ ಕೊಡಿ. ದಾರಿಯೂ ತುಂಬುತ್ತದೆ, ರೋಡ್ ಖಾಲಿ ಅನ್ನುವವರ ದೂರೂ ಕಡಿಮೆಯಾಗುತ್ತದೆ.

ಗೋಕುಲ ರೋಡ್, ಕೇಶ್ವಾಪುರ, ಹಳೇ ಹುಬ್ಬಳ್ಳಿ, ಸಪ್ತಾಪುರ, ಕೆಲಗೇರಿ ಕಡೆಯ ಜನ ಚಿಗರಿ ನಿಲ್ದಾಣ ಮುಟ್ಟಲು ಈಗ ಆಟೋಗೆ ಕೊಡುವ ದುಡ್ಡು ಚಿಗರಿ ಟಿಕೆಟ್ಟಿಗಿಂತ ಜಾಸ್ತಿ. ಮೊದಲು ಆ ಕಡೆಗಳಿಂದ ಸಣ್ಣ ಬಸ್ಸು ಹೊರಡಿಸಿ, ಚಿಗರಿಯ ಟೈಮಿಗೆ ಹೊಂದಿಸಿ, ಎರಡಕ್ಕೂ ಒಂದೇ ಟಿಕೆಟ್ ಮಾಡಿ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಸಿಕ್ಕಾಗ ಮೆಟ್ರೊ ಕೇಳುವ ಮುಂಚೆ ಇದನ್ನು ಕೇಳಿ. ನಾನು ನಮ್ಮ ವಾರ್ಡಿನಲ್ಲಿ ಕೇಳುತ್ತಿದ್ದೇನೆ.