ಚರ್ಚೆ ಒಟ್ಟಿಗೆ, ಬರವಣಿಗೆ ಅವರವರದು

ಅಸೈನ್‌ಮೆಂಟ್ ಕೊಟ್ಟ ಕೂಡಲೇ ‘ಯಾರೂ ಯಾರನ್ನೂ ಕೇಳಕೂಡದು’ ಎಂದು ತಾಕೀತು ಮಾಡುವುದನ್ನು ಒಬ್ಬ ಅಧ್ಯಾಪಕನಾಗಿ ನಾನು ಒಪ್ಪುವುದಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್‌ಗೆ ಬಂದ ಹುಡುಗಿಗೆ ತರಗತಿಯ ಇಂಗ್ಲಿಷಿನಲ್ಲಿ ತಲೆಗೆ ಹತ್ತದ, ಪ್ರೋಗ್ರಾಮಿಂಗಿನ ಪಾಯಿಂಟರ್ ಎಂಬ ಪರಿಕಲ್ಪನೆ, ರಾತ್ರಿ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಚೌಕಗಳನ್ನು ಬರೆದು ‘ಇದು ಬೆಲೆ, ಇದು ಆ ಬೆಲೆ ಇರುವ ಜಾಗದ ವಿಳಾಸ’ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಥಟ್ಟನೆ ಅರ್ಥವಾಗುತ್ತದೆ. ಇದು ನಕಲಲ್ಲ, ಕಲಿಕೆ.

ಆದರೆ ಅದೇ ಗೆಳತಿಯ ಪ್ರೋಗ್ರಾಮನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು, ಹೆಸರು ಮತ್ತು ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಮಾತ್ರ ಬದಲಿಸಿ ಸಲ್ಲಿಸುವುದು ಬೇರೆಯೇ ಸಂಗತಿ. ಮೊದಲು ಬರೆದವರು ವೇರಿಯಬಲ್‌ನ ಹೆಸರಿನಲ್ಲಿ ಮಾಡಿದ ಸ್ಪೆಲಿಂಗ್ ತಪ್ಪು ಹಾಗೆಯೇ ಇಡೀ ಬ್ಯಾಚಿನ ಪ್ರೋಗ್ರಾಮುಗಳಲ್ಲಿ ಕಾಣಿಸಿಕೊಂಡಿರುತ್ತದೆ; ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ‘ಈ ಲೂಪ್ ಯಾವಾಗ ನಿಲ್ಲುತ್ತದೆ?’ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಲ್ಯಾಬ್ ರೆಕಾರ್ಡಿನ ವಿಷಯ ಇನ್ನೂ ಸೂಕ್ಷ್ಮ. ಒಂದೇ ಉಪಕರಣದ ಮುಂದೆ ಒಟ್ಟಿಗೆ ನಿಂತು ಪ್ರಯೋಗ ಮಾಡಿದವರ ರೀಡಿಂಗ್‌ಗಳು ಒಂದೇ ಆಗಿರುವುದು ಸಹಜ. ಗ್ರಾಫ್, ಲೆಕ್ಕ ಮತ್ತು ತೀರ್ಮಾನ ಮಾತ್ರ ಅವರವರದಾಗಿರಬೇಕು. ಈ ವ್ಯತ್ಯಾಸವನ್ನು ನಾವು ಎಷ್ಟು ಮಂದಿ ಸೆಮಿಸ್ಟರಿನ ಆರಂಭದಲ್ಲೇ ಹೇಳುತ್ತೇವೆ?

ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮಾವಳಿಯಲ್ಲಿ ಬೇರೆಯವರ ಬರಹದೊಂದಿಗಿನ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ; ಶೇ. 60 ಮೀರಿದರೆ ಸಂಶೋಧನಾ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆದರೆ ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ರಿಪೋರ್ಟ್ ಮತ್ತು ಉತ್ತರಪತ್ರಿಕೆಗಳನ್ನು ಅದೇ ನಿಯಮಾವಳಿ ತನ್ನ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಪಿಎಚ್‌ಡಿ ಪ್ರಬಂಧಕ್ಕೆ ಬರುವ ಹೊತ್ತಿಗೆ ಸಾಫ್ಟ್‌ವೇರ್ ಹಾಕಿ ಹಿಡಿಯುವ ಈ ನಕಲಿನ ಅಭ್ಯಾಸ ಪದವಿಯ ಮೊದಲ ಸೆಮಿಸ್ಟರಿನಲ್ಲೇ ಬೇರೂರಿರುತ್ತದೆ, ಅಲ್ಲಿ ಗೆರೆ ಎಳೆಯಬೇಕಾದವರು ನಾವೇ.

ಹಾಗಾಗಿ ಪ್ರತಿ ಅಸೈನ್‌ಮೆಂಟಿನ ಮೊದಲ ಪುಟದಲ್ಲಿ ಯಾವುದನ್ನು ಒಟ್ಟಿಗೆ ಮಾಡಬಹುದು, ಯಾವುದನ್ನು ಒಬ್ಬರೇ ಬರೆಯಬೇಕು, ಚಾಟ್‌ಜಿಪಿಟಿಯಂಥವನ್ನು ಎಲ್ಲಿಯವರೆಗೆ ಬಳಸಬಹುದು ಎಂಬುದನ್ನು ಬರೆದೇ ಕೊಡಬೇಕು. ಯಾರೊಂದಿಗೆ ಚರ್ಚಿಸಿದೆ ಎಂದು ವಿದ್ಯಾರ್ಥಿ ಅಲ್ಲೇ ನಮೂದಿಸಬೇಕು, ಹಾಗೆ ನಮೂದಿಸಿದ್ದಕ್ಕೆ ಅಂಕ ಕಡಿಯಬಾರದು. ಅರವತ್ತು ಮಕ್ಕಳ ತರಗತಿಯಲ್ಲಿ ಎಲ್ಲರಿಗೂ ದೀರ್ಘ ವೈವಾ ಅಸಾಧ್ಯವೆಂಬುದು ನಿಜ, ಆದರೆ ತಾನೇ ಬರೆದ ಒಂದು ಸಾಲನ್ನು ವಿವರಿಸಲು ಎರಡು ನಿಮಿಷ ಸಾಕು.

ನಕಲಿಗೆ ಕೊಟ್ಟವರಿಗೂ ಪಡೆದವರಿಗೂ ಸಮಾನವಾಗಿ ಸೊನ್ನೆ ಹಾಕುವಾಗ, ಕೊಟ್ಟವರ ಇಕ್ಕಟ್ಟು ನಮಗೆ ಕಾಣುವುದಿಲ್ಲ. ಒಂದೇ ರೂಮಿನಲ್ಲಿ ಇರುವವರಿಗೆ ಇಲ್ಲವೆನ್ನುವುದು ಹದಿನೆಂಟರ ವಯಸ್ಸಿನಲ್ಲಿ ಸುಲಭವಲ್ಲ. ನಿಯಮ ಬರಹದಲ್ಲಿದ್ದರೆ ‘ಬಾ, ಕೂತು ಹೇಳಿಕೊಡ್ತೀನಿ, ಫೈಲ್ ಮಾತ್ರ ಕೇಳಬೇಡ, ಸರ್ ಬರೆದೇ ಕೊಟ್ಟಿದ್ದಾರೆ ನೋಡು’ ಎಂದು ಸ್ನೇಹ ಕೆಡಿಸಿಕೊಳ್ಳದೆ ಹೇಳಲು ಅವರಿಗೊಂದು ಆಧಾರ ಸಿಗುತ್ತದೆ.